ಅತ್ತೆಯ ತೂಕ ಮತ್ತು ಪಂಚಮಿಯ ಜೋಕಾಲಿ

ನಾಗರ ಪಂಚಮಿಯ ದಿನ ಬ್ಯಾಡಗಿಯ ನಮ್ಮ ಹಿತ್ತಿಲಲ್ಲಿ ನಾಲ್ವರಿದ್ದೆವು: ಮೆಣಸಿನಕಾಯಿ ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತಿದ್ದ ಅಪ್ಪ, ಹಬ್ಬದ ಸಿಹಿ ಉಂಡಿಯ ಡಬ್ಬಿ ಹಿಡಿದ ಅವ್ವ, ಗುತ್ತಲದಿಂದ ತವರಿಗೆ ಬಂದಿದ್ದ ಅಪ್ಪನ ತಂಗಿ, ಅಂದರೆ ನಮ್ಮ ಅತ್ತೆ, ಮತ್ತು ರಾಣೆಬೆನ್ನೂರಿನಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಕಲಿಸುವ ನಾನು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಹೋದ ವರ್ಷ ಮೊಣಕಾಲು ನೋವಿನಿಂದ ಅತ್ತೆಗೆ ಅದು ತಪ್ಪಿತ್ತು. ಅರವತ್ತು ದಾಟಿದ ಆಕೆಗೆ ವರ್ಷವಿಡೀ ಅದೇ ಕೊರಗು. ಈ ಸಲ ಅಪ್ಪನೇ ಹಗ್ಗ ಹಿಡಿದು ಅಡ್ಡ ನಿಂತರು.

“ಹಳೇ ಹಗ್ಗ ಐತಿ. ನಿನ್ನ ಭಾರಕ್ಕ ತಡಿಯೂದಿಲ್ಲ.”

“ನಾ ಮೆಣಸಿನಕಾಯಿ ಚೀಲ ಇದ್ದಂಗ, ಅಣ್ಣಾ. ನೋಡಾಕ ದೊಡ್ಡದು, ತೂಕಿಲ್ಲ. ಐವತ್ತೈದು ಕಿಲೋ ಹಿಡಿ.”

“ಅದು ನಿನ್ನ ಲಗ್ನದಾಗಿನ ತೂಕ,” ಎಂದಳು ಅವ್ವ.

“ಮಾಸ್ತರ ಅದಾನಲ್ಲ, ಲೆಕ್ಕ ಹಾಕಲಿ,” ಎಂದರು ಅಪ್ಪ. “ತಡೀತೈತಿ ಅಂದರ ಆಡು.”

ನಾನು ಪಾಠಕ್ಕಿಳಿದೆ. ಜೋಕಾಲಿ ಕೆಳಗೆ ಬಂದಾಗ ಹಗ್ಗ ತೂಕ ಹೊತ್ತರಷ್ಟೇ ಸಾಲದು; ನೇರ ಹೋಗಬೇಕೆನ್ನುವ ಮೈಯನ್ನು ಮೇಲಕ್ಕೂ ತಿರುಗಿಸಬೇಕು. ಅದಕ್ಕೆ ಬೇಕಾದ ವೇಗೋತ್ಕರ್ಷವನ್ನು ದ್ರವ್ಯರಾಶಿಯಿಂದ ಗುಣಿಸಿದರೆ ಹೆಚ್ಚಿನ ಬಲ ಸಿಗುತ್ತದೆ. ಹಗ್ಗ ಅರವತ್ತು ಡಿಗ್ರಿ ವಾಲುವಷ್ಟು ತೂಗಿದರೆ ಒಟ್ಟು ಎಳೆತ ತೂಕದ ಸರಿಯಾಗಿ ಎರಡು ಪಟ್ಟು.

“ಎರಡು ಪಟ್ಟಾ?” ಅತ್ತೆ ಕೈಯಲ್ಲಿದ್ದ ಉಂಡಿಯನ್ನು ನೋಡಿದಳು. “ಇಷ್ಟು ವರ್ಷ ಸುಮ್ಮನ ಇದರ ಮ್ಯಾಲೆ ಅಪವಾದ ಹೊರಿಸಿದ್ವಿ.”

ಪಡಸಾಲೆಯಲ್ಲಿ ಅಪ್ಪನ ಚೀಲ ತೂಗುವ ಯಂತ್ರವಿತ್ತು. ಅತ್ತೆ ಷರತ್ತು ಹಾಕಿದಳು: ನಾನೊಬ್ಬನೇ ನೋಡಬೇಕು, ಅಂಕಿ ಯಾರ ಕಿವಿಗೂ ಬೀಳಕೂಡದು. ಅಪ್ಪ, ಅವ್ವ ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಉಂಡಿ ಮುಟ್ಟಿ ಆಣೆ ಮಾಡಿದೆ, ನೋಡಿದೆ, ಮನಸ್ಸಿನಲ್ಲೇ ಗುಣಿಸಿದೆ.

“ಹಗ್ಗದ ಮ್ಯಾಲೆ ಎಷ್ಟು ಬೀಳತೈತಿ?” ಗೋಡೆ ನೋಡುತ್ತಲೇ ಅಪ್ಪ ಕೇಳಿದರು.

“ನೂರಾ ಐವತ್ತಾರು ಕಿಲೋ ಜೋತುಬಿದ್ದಷ್ಟು.”

ಜೀವಮಾನವೆಲ್ಲ ಪೇಟೆಯಲ್ಲಿ ಬಾಯಿಲೆಕ್ಕ ಮಾಡಿದವರು ಅಪ್ಪ. “ಎರಡು ಪಟ್ಟು ಅಂದಿ. ಅಂದರ ಎಪ್ಪತ್ತೆಂಟು.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಾ ಹೇಳಲಿಲ್ಲ ಅತ್ತಿ, ಸೂತ್ರ ಹೇಳ್ತು,” ಎಂದೆ.

“ನಿಮ್ಮ ಪ್ರಶ್ನೆಪತ್ರಿಕೆನೂ ಹಿಂಗ ಬಯಲಾಗ್ತಾವೇನು?” ಎಂದ ಅತ್ತೆ ಯಂತ್ರದಿಂದ ಇಳಿದಳು. “ಹೆಂಗೂ ಮಾನ ಹೋತು. ಜೋಕಾಲಿಯರ ಸಿಗಲಿ.”

ತಲಾ ಅರವತ್ತು ಕಿಲೋದ ಮೂರು ಗೋವಿನಜೋಳದ ಚೀಲಗಳನ್ನು ನೆರೆಯವರ ನೆರವಿನಿಂದ ಜೋಕಾಲಿಗೆ ಹೇರಿದೆವು. ಅರ್ಧ ತಾಸು ಬಿಟ್ಟರೂ ಹಗ್ಗದ ಒಂದೆಳೆ ಸಡಿಲಲಿಲ್ಲ. ಚೀಲ ಇಳಿಸಿದ್ದೇ ತಡ, ಅತ್ತೆ ಸೀರೆಯ ಕಚ್ಚೆ ಬಿಗಿದು ಕೂತಳು. ಆಕೆ “ಇನ್ನೂ ಮ್ಯಾಲೆ” ಎಂದಾಗಲೆಲ್ಲ ನಾನು “ಲೆಕ್ಕ ಕೆಡತೈತಿ” ಎನ್ನುತ್ತ ಅಳತೆಯಲ್ಲೇ ತೂಗಿದೆ.

ಸಂಜೆ ಗುತ್ತಲದ ಬಸ್ಸಿಗೆ ಹೊರಟ ಅತ್ತೆ ತನ್ನ ಕೈಚೀಲವನ್ನು ಕಟ್ಟೆಯ ಮೇಲಿಟ್ಟು ಮತ್ತೆ ಹಿತ್ತಿಲಿಗೆ ಹೋದಳು. ಈ ಸಲ ಜೋಕಾಲಿ ತೂಗಿದವರು ಅಪ್ಪ.