ಹಗ್ಗ ಹಿಡಿದವರ ಪಾಲು

ಹಾರವಾಡದ ಮಾದೇವಿಯ ಮಗಳು ಚಂದನಾ ವರ್ಷದಲ್ಲಿ ಹತ್ತು ತಿಂಗಳು ಮೀನು ಮಾರುತ್ತಾಳೆ, ಎರಡು ತಿಂಗಳು ಹಿಮಾಲಯ ಹತ್ತುತ್ತಾಳೆ. ಜೂನ್ ಒಂದಕ್ಕೆ ಸರಕಾರ ಬೋಟುಗಳನ್ನು ದಡಕ್ಕೆ ಕಟ್ಟಿಸಿದರೆ ಊರಿನ ಉಳಿದವರು ಬಲೆ ಹೊಲಿಯುತ್ತಲೋ ಇಸ್ಪೀಟು ಆಡುತ್ತಲೋ ಮಳೆಗಾಲ ಕಳೆಯುತ್ತಾರೆ. ಚಂದನಾ ಮಾತ್ರ ತನ್ನರ್ಧದಷ್ಟಿರುವ ಚೀಲ ಬೆನ್ನಿಗೇರಿಸಿ ಲಡಾಖಿನ ದಾರಿ ಹಿಡಿಯುತ್ತಾಳೆ. ಆಗ ಅಂಕೋಲೆಯ ಮೀನುಪೇಟೆಯಲ್ಲಿ ಯಾರಾದರೂ ಮಗಳೆಲ್ಲಿ ಎಂದು ಕೇಳಿದರೆ ಮಾದೇವಿಯ ಉತ್ತರ ಸಿದ್ಧವಾಗಿರುತ್ತದೆ.

"ಐಸಿನ ಗುಡ್ಡ ಹತ್ತೂಕೆ ಹೋಗ್ಯದೆ. ಐಸ್ ಬೇಕಾದ್ರೆ ಬೈತಖೋಲದ ಫ್ಯಾಕ್ಟರಿಲೇ ಸಿಕ್ತಿತ್ತಪ. ಅಷ್ಟು ದೂರ ಎಂತಕ್ಕೆ ಹೋಗ್ಬೇಕು?"

ಚೆಂಡಿಯಾದ ಕಡೆಯ ಹಳೇ ಮನೆ ನೇವಿಯ ನೌಕಾನೆಲೆಗೆ ಹೋದ ಮೇಲೆ ಈ ಕುಟುಂಬ ಹಾರವಾಡಕ್ಕೆ ಬಂತು. ಚಂದನಾ ಹುಟ್ಟಿದ್ದು ಇಲ್ಲಿ. ಹತ್ತುವ ಹುಚ್ಚು ಹಿಡಿದದ್ದು ಮಾತ್ರ ಕಾರವಾರದ ಕಾಲೇಜಿನಲ್ಲಿ. ಪರೇಡು ಮುಗಿದ ಮೇಲೆ ಬಿಸಿ ಉಪ್ಪಿಟ್ಟು ಕೊಡುತ್ತಾರೆಂದು ಎನ್‌ಸಿಸಿ ಸೇರಿದ ಹುಡುಗಿಯನ್ನು ಅವರು ಶಿಬಿರಕ್ಕೆ ಕರೆದೊಯ್ದು ಬಂಡೆ ಹತ್ತಿಸಿದರು. ಮರಳಿ ಬಂದವಳು ಅಪ್ಪ ರಾಮನ ರಂಪಣಿ ಬಲೆಯ ಹಳೇ ಹಗ್ಗ ಎತ್ತಿಕೊಂಡು ಸಮುದ್ರದ ಬದಿಯ ಗುಡ್ಡಕ್ಕೆ ನಡೆದಳು. ಮಾದೇವಿ ಹಿಂದೆಯೇ ಓಡಿದಳು. ಬಂಡೆಯ ಮೇಲಿನ ಗಾಳಿಮರಕ್ಕೆ ಹಗ್ಗ ಬಳಸಿ, ಒಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಮಗಳು ತಾಯಿಯ ಕೈಗೆ ಕೊಟ್ಟಳು.

"ಆಯಿ, ನಾ ಜಾರಿದ್ರೆ ಬಿಗಿಯಾಗಿ ಹಿಡ್ಕ. ಬಿಡೂಕಾಗ."

"ಜಾರೂದು ಗೊತ್ತಿದ್ರೆ ಹತ್ತೂದೆಂತಕ್ಕೆ?" ಎಂದು ಬೈದರೂ ಮಾದೇವಿ ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ಬಲೆ ಎಳೆಯುವಾಗ ನಿಲ್ಲುವಂತೆಯೇ ಹಿಮ್ಮಡಿಯನ್ನು ಮರಳಿಗೆ ಊರಿ ನಿಂತಳು. ಹಾಗೆ ನಿಂತವಳು ಮೂರು ವರ್ಷ ನಿಂತಳು. ಪೇಟೆಯಿಂದ ಬಂದು ಬುಟ್ಟಿ ತೊಳೆದಿಟ್ಟ ಮೇಲೆ ದಿನವೂ ಇದೇ ಕೆಲಸ. ಮಗಳು ಮೇಲೆ, ತಾಯಿ ಕೆಳಗೆ, ನಡುವೆ ಬೈಗುಳ.

ರಂಪಣಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಚಂದನಾ ಎಡವಿದ್ದೇ ಅದರಿಂದ. ದೋಣಿಯವರು ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು ಬಂದ ಮೇಲೆ ದಡದಲ್ಲಿ ಹತ್ತಾರು ಜನ ಎರಡೂ ಕಡೆಯ ಹಗ್ಗ ಹಿಡಿದು ಎಳೆಯುತ್ತಾರೆ. ಯಾರೇ ಆಗಲಿ, ಹಗ್ಗಕ್ಕೆ ಕೈ ಹಚ್ಚಿದರೆ ಅವರಿಗೆ ಪಾಲುಂಟು. ಒಮ್ಮೆ ಹುಬ್ಬಳ್ಳಿಯಿಂದ ಬಂದ ಪ್ರವಾಸಿಯೊಬ್ಬ ಫೋಟೋಕ್ಕೆಂದು ಎರಡು ನಿಮಿಷ ಹಗ್ಗ ಹಿಡಿದ. ರಾಮಾ ಅವನಿಗೂ ನಾಲ್ಕು ಬಂಗಡೆ ಕೊಟ್ಟ. ಮೀನು ಮುಟ್ಟದ ಆ ಮನುಷ್ಯ ಬೇಡವೆಂದರೂ ಬಿಡಲಿಲ್ಲ. ಕೊನೆಗೆ ತನ್ನ ಹೊಸ ಟೋಪಿಯಲ್ಲಿ ಬಂಗಡೆ ತುಂಬಿಕೊಂಡು ಅವನು ಬಸ್ಸು ಹತ್ತಿದ. ಇಂಥ ಮನೆಯಲ್ಲಿ ಬೆಳೆದ ಹುಡುಗಿ ಚಂದನಾ.

ಈ ಸಲ ಅವಳು ಏರಿದ್ದು ಏಳು ಸಾವಿರ ಮೀಟರ್ ದಾಟುವ ಶಿಖರ. ಒಂಬತ್ತು ದಿನ ಫೋನಿರಲಿಲ್ಲ. ಆ ಒಂಬತ್ತು ದಿನ ಮಾದೇವಿ ಯಾರೊಂದಿಗೂ ತಮಾಷೆ ಮಾಡಲಿಲ್ಲ. ಹತ್ತನೆಯ ದಿನ "ಆಯಿ, ಇಳಿದ್ ಬಂದೆ" ಎಂಬ ದನಿ ಕೇಳಿದ್ದೇ ತಡ, ಅರ್ಧ ಗಂಟೆ ಬೈದು ಫೋನಿಟ್ಟಳು.

ಎಡವಟ್ಟು ಆಗಿದ್ದು ಇಳಿದು ಬಂದ ಮೇಲೆ, ಬೆಟ್ಟದ ಬುಡದ ಕ್ಯಾಂಪಿನಲ್ಲಿ. ಶಿಖರ ಮುಟ್ಟಿದವರ ಹೆಸರು ಬರೆಯಿರಿ ಎಂದು ಪರ್ವತಾರೋಹಣದ ದೆಹಲಿ ಕಚೇರಿಯ ಒಂದು ಫಾರ್ಮು ಬಂತು. ಮುಟ್ಟಿದವರು ಮೂರೇ ಜನ: ಚಂದನಾ, ಕಾರವಾರದ ವ್ಯಾಯಾಮ ಶಿಕ್ಷಕ ರಾಜೀವ, ಮತ್ತು ಅಲ್ಲಿಯ ಒಬ್ಬ ಗೈಡು. ಚಂದನಾ ಬರೆದದ್ದು ಆರು ಹೆಸರು. ಎರಡನೆಯ ಕ್ಯಾಂಪಿನಲ್ಲಿ ತಲೆನೋವು ತಡೆಯಲಾರದೆ ಮರಳಿದ ಅಗಸೂರಿನ ಕವಿತಾ, ಸಾಮಾನು ಹೊತ್ತ ದೋರ್ಜೆ, ಕೊನೆಗೆ ಬುಡದಲ್ಲೇ ಕುಳಿತು ಸೂಪು ಕಾಯಿಸಿದ ಅಡುಗೆಯ ಸ್ಟಾನ್ಜಿನ್ ಕೂಡ ಶಿಖರ ಮುಟ್ಟಿಬಿಟ್ಟರು. ಬರೆಯುವಾಗ ಅವಳಿಗೆ ತಪ್ಪೆಂದು ಅನಿಸಲೇ ಇಲ್ಲ.

ಆಗಸ್ಟ್ ಕೊನೆಗೆ ದೆಹಲಿಯಿಂದ ಪತ್ರ ಬಂತು. ಶಿಖರದ ಫೋಟೋದಲ್ಲಿ ಮೂವರು, ಫಾರ್ಮಿನಲ್ಲಿ ಆರು ಮಂದಿ. ಒಂದು ತಿಂಗಳೊಳಗೆ ವಿವರಣೆ ಬಾರದಿದ್ದರೆ ಯಾರಿಗೂ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇಲ್ಲವೆಂದರೆ ಮುಂದಿನ ವರ್ಷ ಎಂಟು ಸಾವಿರ ಮೀಟರಿನ ಶಿಖರಕ್ಕೆ ಹೊರಡುವ ತಂಡಕ್ಕೆ ಅರ್ಜಿಯನ್ನೂ ಹಾಕುವಂತಿಲ್ಲ. ಚಂದನಾ ಐದು ವರ್ಷದಿಂದ ಕಾದು ಕುಳಿತದ್ದು ಅದಕ್ಕೇ.

ರಾಜೀವ ಬೈಕು ಹಾರಿಸಿಕೊಂಡು ಬಂದ. ಅಂಗಳದಲ್ಲೇ ನಿಂತು ಕೂಗಿದ: "ಮಾದೇವಕ್ಕ, ನಿಮ್ಮ ಮಗಳು ಅಡುಗೆಯವನನ್ನೂ ಶಿಖರಕ್ಕೆ ಹತ್ತಿಸ್ಬಿಟ್ಟಿದೆ!"

"ಊಟ ಹಾಕಿದವ ಅಲ್ದಾ, ಹತ್ತಿಸ್ಲಿ ಬಿಡು. ನೀ ಚಾ ಕುಡಿ," ಎಂದಳು ಮಾದೇವಿ.

ಚಾ ಕುಡಿದು ರಾಜೀವ ತಾನೇ ಬರೆದು ತಂದ ಪತ್ರವನ್ನು ಮುಂದಿಟ್ಟ. 'ಉಳಿದ ಮೂವರಿಗೂ ಈ ಆರೋಹಣಕ್ಕೂ ಸಂಬಂಧವಿಲ್ಲ' ಎಂದಿತ್ತು ಅದರಲ್ಲಿ. ಕೆಳಗೆ ಸಹಿಗೆ ಜಾಗ. ಚಂದನಾ ಪೆನ್ನು ಹಿಡಿದಳು, ಇಟ್ಟಳು. ಮೂರು ದಿನ ಆ ಕಾಗದ ದೇವರ ಫೋಟೋದ ಹಿಂದೆ ಸಿಕ್ಕಿಕೊಂಡಿತ್ತು.

"ತಲೆ ಸಿಡಿತಿದ್ರೂ ಕವಿತಾ ಹಗ್ಗ ಹೊತ್ಕಂಡು ಬಂತು, ಆಯಿ. ಸಂಬಂಧ ಇಲ್ಲ ಹೇಳಿ ಹ್ಯಾಂಗೆ ಬರೂದು?"

"ಬರೀದಿದ್ರೆ ನಿನ್ನ ಎಂಟ್ ಸಾವ್ರ?"

ಮಗಳು ಬೆಟ್ಟ ಹತ್ತುವುದು ನಿಂತರೆ ತನಗೆ ನೆಮ್ಮದಿ ಎಂದು ಮಾದೇವಿ ಏಳು ವರ್ಷ ಪೇಟೆಯಲ್ಲಿ ಸಾರಿದ್ದಳು. ಈಗ ಅದು ನಿಂತೇ ಹೋಗುತ್ತದೆ ಎನ್ನುವಾಗ ಅವಳು ಮಗಳ ಮುಖವನ್ನೇ ಮತ್ತೆ ಮತ್ತೆ ನೋಡಿದಳು. ತನಗೆ ನೆಮ್ಮದಿಯೇನೂ ಬರಲಿಲ್ಲವೆಂಬುದು ಅವಳಿಗೇ ಆಶ್ಚರ್ಯ.

ನಾಲ್ಕನೆಯ ದಿನ ಮಳೆ ಬಿಟ್ಟು ವರ್ಷದ ಮೊದಲ ರಂಪಣಿ ಬಿತ್ತು. ಬಂಗಡೆ ಬಂತು. ರಾಮಾ ಮರಳಿನ ಮೇಲೆ ಗುಂಪೆ ಹಾಕತೊಡಗಿದ: ಬಲೆಗೆ ದೊಡ್ಡದು, ದೋಣಿಗೆ ಒಂದು, ಮೊದಲಿಂದ ಎಳೆದವರಿಗೆ ಇಷ್ಟು, ಕೊನೆಗೆ ಬಂದು ಕೈ ಹಚ್ಚಿದವರಿಗೆ ಬೊಗಸೆಯಷ್ಟು. ಮಾದೇವಿ ಮಗಳ ಭುಜ ತಿವಿದಳು.

"ನೋಡು. ಪಾಲು ಎಲ್ಲರಿಗೂ ಅದೆ. ಆದ್ರೆ ಎಲ್ಲರಿಗೂ ಒಂದೇ ಗುಂಪೆ ಅದ್ಯೇ? ನೀ ಎಲ್ಲರ ಮೀನೂ ಒಂದೇ ಬುಟ್ಟಿಗೆ ಸುರ್ದಿ. ಅದಕ್ಕೆ ಆ ದೆಹಲಿಯವಂಗೆ ತಲೆ ಕೆಟ್ಟದೆ. ಯಾರು ಎಲ್ಲಿ ತನಕ ಹಗ್ಗ ಹಿಡಿದ್ರು, ಬೇರೆ ಬೇರೆ ಬರೆ."

ಚಂದನಾ ತಾಯಿಯನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಪಾಲಿನ ಬಂಗಡೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು. ಮೀನು ಆರಿಸಿಕೊಂಡು ಬರುವ ಕೆಲಸ ಮಾದೇವಿಗೇ ಬಿತ್ತು.

ಚಂದನಾ ಬರೆದು ಕಳಿಸಿದ್ದಕ್ಕೆ ದೆಹಲಿಯ ಉತ್ತರ ಬರಲು ಐದು ವಾರ ಹಿಡಿಯಿತು. ಈ ಸಲವೂ ರಾಜೀವನೇ ಬೈಕಿನಲ್ಲಿ ಬಂದ, ಆದರೆ ಅಂಗಳದಲ್ಲಿ ನಿಲ್ಲದೆ ಸೀದಾ ಒಳಗೇ ಬಂದ. ಮೂವರಿಗೂ ಪ್ರಮಾಣಪತ್ರ ಮಂಜೂರಾಗಿತ್ತು. ಜೊತೆಗೆ ಚಂದನಾ ಬರೆದ ಪಟ್ಟಿಯ ನಕಲಿತ್ತು, ಅದಕ್ಕೆ ಠಸ್ಸೆ ಬಿದ್ದಿತ್ತು. ಚಂದನಾ ಪೇಟೆಯಿಂದ ಇನ್ನೂ ಬಂದಿರಲಿಲ್ಲ. ರಾಜೀವ ಗಟ್ಟಿಯಾಗಿ ಓದಿದ.

"ಹಗ್ಗ ಹಿಡಿದವರು, ಹಿಡಿದ ಎತ್ತರ. ಚಂದನಾ, ರಾಜೀವ, ಗೈಡು: ಶಿಖರದವರೆಗೆ. ಕವಿತಾ: ಆರು ಸಾವಿರದ ನೂರು ಮೀಟರ್. ದೋರ್ಜೆ: ಐದು ಸಾವಿರದ ನಾನೂರು. ಸ್ಟಾನ್ಜಿನ್: ನಾಲ್ಕು ಸಾವಿರದ ಆರುನೂರು." ಅವನು ಕೊನೆಯ ಸಾಲಿಗೆ ಬೆರಳಿಟ್ಟ. "ಮಾದೇವಿ: ಸೊನ್ನೆ ಮೀಟರ್. ಮೂರು ವರ್ಷ."

ಎಲ್ಲ ಹೆಸರಿನ ಮುಂದೂ ದೆಹಲಿಯ ಸಾಹೇಬರು ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಕೊನೆಯ ಹೆಸರಿನ ಮುಂದೂ ಇತ್ತು.

ಮಾದೇವಿ ಕಾಗದ ಕಸಿದುಕೊಂಡು ತನ್ನ ಹೆಸರನ್ನು ಬೆರಳಿನಿಂದ ಹುಡುಕಿದಳು. ಮರುದಿನ ಅಂಕೋಲೆಯ ಪೇಟೆಯಲ್ಲಿ ಹನ್ನೊಂದು ಗಂಟೆಯವರೆಗೂ ಅವಳದು ಒಂದೇ ದೂರು: "ನೋಡಿ, ಹೆತ್ತ ಮಗಳು ನಂಗೆ ಸೊನ್ನೆ ಕೊಟ್ಟದೆ! ದೆಹಲಿಯವ ಅದಕ್ಕೆ ಸರಿ ಬೇರೆ ಹಾಕ್ಯಾನೆ!" ದೂರು ಕೇಳದವರಿಗೆ ಆ ದಿನ ಬಂಗಡೆ ಸಿಗಲಿಲ್ಲ.

ಸಂಜೆ ತಾಯಿ ಮಗಳು ಬಹಳ ದಿನಗಳ ಮೇಲೆ ಗುಡ್ಡದ ಬದಿಗೆ ಹೋದರು. ಎಂಟು ಸಾವಿರಕ್ಕೆ ಅಭ್ಯಾಸ ಈಗಿನಿಂದಲೇ ಆಗಬೇಕಂತೆ. ಈಗ ಹಗ್ಗ ಹೊಸದು, ಗಾಳಿಮರ ಹಳೆಯದೇ. ಮಾದೇವಿ ಹಿಮ್ಮಡಿ ಊರಿ ನಿಂತಳು.

"ಆಯಿ, ಹಿಡ್ಕಂಡ್ಯಾ?" ಮೇಲಿನಿಂದ ಕೂಗು ಬಂತು.

ಸೊನ್ನೆ ಮೀಟರಿನಲ್ಲಿ ನಿಂತ ಮಾದೇವಿಗೆ ಕಣ್ಣು ತುಂಬಿ ಬಂಡೆಯೇ ಕಾಣುತ್ತಿರಲಿಲ್ಲ. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಹಗ್ಗದ ಮೇಲಿದ್ದವು. ಅವಳು ಒರೆಸಿಕೊಳ್ಳಲಿಲ್ಲ.

"ಹಿಡ್ಕಂಡೇ ಇದ್ದೆ," ಎಂದು ಗದರಿದಳು. "ನೀ ಹತ್ತು."