ಪಾಸಾದವರು ತಿರುಗಿ ಬರುವುದಿಲ್ಲ

ಅದು ನನ್ನ ಬಿ.ಎಡ್. ತರಬೇತಿಯ ಕೊನೆಯ ಪಾಠ. ಔರಾದ ಶಹಾಜನಿ ಬಳಿಯ ಹಳ್ಳಿಯ ಕನ್ನಡ ಶಾಲೆ, ಏಳನೆಯ ತರಗತಿ. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಪೆನ್ನು ಹಿಡಿದು ಕೂತಿದ್ದರು. ಹೂವಿನ ಬಗ್ಗೆ ಎರಡು ಪ್ರಶ್ನೆ ಕೇಳಿದ್ದಷ್ಟೇ, ಮುಂದಿನದೆಲ್ಲ ಮರೆತೇಹೋಯಿತು.

ಮುಂದಿನ ಸಾಲಿನ ಮಹಾನಂದಾ ತುಟಿ ಅಲುಗಿಸದೆ ಪಿಸುಗುಟ್ಟಿದಳು: "ಮೇಡಮ್, ಈಗ ಚಾರ್ಟ್ ಹಾಕ್ರಿ. ಆಮ್ಯಾಲ ಎಲ್ಲರ್ಗೂ ಒಂದೊಂದು ಹೂ ಕೊಡ್ರಿ."

ಪ್ರತಿವರ್ಷ ನಮ್ಮಂಥವರನ್ನು ಕಾಣುವ ಆ ಮಕ್ಕಳಿಗೆ ಪರೀಕ್ಷೆಯ ಪಾಠದ ಹಂತಗಳೆಲ್ಲ ಬಾಯಿಪಾಠ. ಚಾರ್ಟ್ ಹಾಕಿದೆ, ದಾಸವಾಳ ಹಂಚಿದೆ. ನಾನು ಕೇಳಿ ಮುಗಿಸುವ ಮೊದಲೇ ಕೈಗಳು ಎದ್ದವು. ದಿನವೂ ಗದ್ದಲ ಹಾಕುವವರು ಕೂಡ ಅಂದು ಒಬ್ಬೊಬ್ಬರಾಗಿ ಎದ್ದು ಉತ್ತರ ಹೇಳಿದರು.

ಪರೀಕ್ಷಕರು ಮೆಚ್ಚಿಕೊಂಡು ಹೊರಟ ಮೇಲೆ ಮಹಾನಂದಾಳ ತಲೆ ಸವರಿದೆ. ಅವಳು ಕೈಯಲ್ಲಿದ್ದ ಹೂವನ್ನೇ ನೋಡುತ್ತ ಅಂದಳು: "ನೀವು ಪಾಸಾದ್ರಿ. ಇನ್ನ ಬರಂಗಿಲ್ಲ ಅಲ್ರೀ? ಪಾಸಾದವ್ರು ಯಾರೂ ತಿರಗಿ ಬಂದಿಲ್ರಿ."

ಅದು ಗೊತ್ತಿದ್ದೂ ಹೇಳಿಕೊಟ್ಟಿದ್ದಳು ಹುಡುಗಿ. ಮರುದಿನ ನನಗೆ ಅಲ್ಲಿ ಯಾವ ಪಾಠವೂ ಇರಲಿಲ್ಲ. ಆದರೂ ಬೆಳಿಗ್ಗೆ ನಾನಿದ್ದ ಉದಗೀರಿನ ಸ್ಟ್ಯಾಂಡಿನಲ್ಲಿ ಆ ಹಳ್ಳಿಗೆ ಹೋಗುವ ಅದೇ ಬಸ್ಸು ಹತ್ತಿದೆ.