ಆಟ ಬಿಡಿಸುತ್ತಿದ್ದ ದೊಡ್ಡವ್ವ

ಅರವತ್ತು ದಾಟಿದ ಮೇಲೂ ಐದು ಕಲ್ಲಿನ ಆಟದಲ್ಲಿ ಮೋಸ ಮಾಡುವ ಹೆಂಗಸರನ್ನು ನೀವು ಹೆಚ್ಚು ಕಂಡಿರಲಾರಿರಿ. ನಮ್ಮ ನೀಲಮ್ಮ ದೊಡ್ಡವ್ವ ಮಾಡುತ್ತಿದ್ದಳು. ನೆಲಕ್ಕೆ ಚೆಲ್ಲಿದ ಕಲ್ಲುಗಳಲ್ಲಿ ಒಂದನ್ನು ಮೆಲ್ಲಗೆ ಮೊಣಕಾಲ ಕೆಳಗೆ ಸರಿಸುವುದು, ಉಳಿದವನ್ನು ಬಾಚಿಕೊಂಡು ಗೆದ್ದೆ ಅನ್ನುವುದು. ಸಿಕ್ಕಿಬಿದ್ದರೆ ಕೊರಳ ಲಿಂಗದ ಆಣೆ ಹಾಕಿ, ತಾನು ಆ ಕಲ್ಲನ್ನು ನೋಡಿಯೇ ಇಲ್ಲ ಎನ್ನುವಳು.

ತಮಾಷೆಯೆಂದರೆ, ಹುಡುಗಿಯರಿಗೆ ಆಟ ಬಿಡಿಸುವುದೇ ಅವಳ ಕೆಲಸ. ತಾಂಡೂರಿನ ನಮ್ಮವರ ಮನೆಗಳಲ್ಲಿ ಹುಡುಗಿ ದೊಡ್ಡವಳಾದರೆ ಆರತಿಯ ಹೊತ್ತಿಗೆ ಹಾಡುವ ಹಾಡೊಂದಿತ್ತು. ಅದು ಪೂರ್ತಿ ಬರುತ್ತಿದ್ದುದು ದೊಡ್ಡವ್ವನಿಗೆ ಮಾತ್ರ. ಯಾಲಾಲ್, ಕೊಡಂಗಲ್ ಕಡೆಯಿಂದಲೂ ಕರೆ ಬರುತ್ತಿತ್ತು. ಯಾರದೋ ಮೋಟರ್‌ಸೈಕಲ್ ಹಿಂದೆ ಸೆರಗು ಬಿಗಿದು ಕೂತು ಹೊರಡುವಳು. ‘ಕಲ್ಲಾಟ ಸಾಕವ್ವ, ಕೈಯಾನ ಕಲ್ಲು ಕೊಡವ್ವ, ದೊಡ್ಡಾಕಿ ಆದಿ ನನ ಮಗಳ’ ಎಂದು ದನಿ ತೆಗೆದರೆ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುವರು. ಹುಡುಗಿ ಕೊಟ್ಟ ಕಲ್ಲುಗಳು ದೊಡ್ಡವ್ವನ ಚೀಲ ಸೇರುವವು. ಈಚೆಗೆ ಹುಡುಗಿಯರ ಕೈಯಲ್ಲಿದ್ದದ್ದು ಮೊಬೈಲು. ಅದನ್ನು ಕೊಡಲು ಯಾರೂ ಒಪ್ಪದೆ, ಅಂಗಳದಿಂದ ಕಲ್ಲು ಆರಿಸಿ ತಂದು ಶಾಸ್ತ್ರ ಮುಗಿಸುತ್ತಿದ್ದರು.

ನನ್ನ ಸರದಿ ಬಂದಾಗ ನನಗೆ ಜೀವವೇ ಹೋದಂತಾಗಿತ್ತು. ಊರಿನ ಹಾಸುಗಲ್ಲು ಪಾಲಿಶ್ ಮಾಡುವ ಕಡೆ ಬಿದ್ದಿದ್ದ ನೀಲಿ ಚೂರುಗಳನ್ನು ಆರಿಸಿ, ತಿಕ್ಕಿ ತಿಕ್ಕಿ ಗುಂಡಗೆ ಮಾಡಿಕೊಂಡ ಕಲ್ಲುಗಳವು. ಎಲ್ಲರೂ ಹಾಡಿಗೆ ಅತ್ತರೆ ನಾನು ಸಿಟ್ಟಿಗೆ ಅತ್ತೆ. ಮರುದಿನ ಮಧ್ಯಾಹ್ನ ದೊಡ್ಡವ್ವ ಅಡುಗೆಮನೆಯ ಬಾಗಿಲು ಮುಚ್ಚಿ, ಅವೇ ಕಲ್ಲುಗಳನ್ನು ನೆಲಕ್ಕೆ ಚೆಲ್ಲಿ, ಆಡಲು ಕರೆದಳು. ನೀನೇ ಬಿಡು ಅಂದೆಯಲ್ಲ ಎಂದು ನಾನು ಮುಖ ಊದಿಸಿದೆ.

‘ನಿನಗ ಅಂದೀನಿ. ನನಗ ಯಾರ ಅಂದಾರ?’ ಎಂದಳು. ‘ಆಡೋ ವಯಸ್ಸಿನ್ಯಾಗ ಲಗ್ನ ಮಾಡಿ ಈ ಮನಿಗಿ ತಂದ್ರು. ನಾ ದೊಡ್ಡಾಕಿ ಆದ ದಿನ ಅತ್ತಿ ತೊಗರಿ ಕೊಯ್ಯಾಕ ಕಳ್ಸಿದಳು. ಹಾಡಿಲ್ಲ, ಆರತಿ ಇಲ್ಲ. ಅದಕ್ಕ ನಾ ಇನ್ನಾ ಬಿಟ್ಟಿಲ್ಲ.’

ಒಳ್ಳೆ ನೆಪ ಹುಡುಕಿದಳು ಎಂದು ಆಗ ನಕ್ಕಿದ್ದೆ. ಆ ಹಾಡು ನನಗೆ ಬರೀ ಅಪ್ಪಣೆಯಾಗಿ ಕೇಳಿಸಿತ್ತು. ಸಾಕು ಮಗಳೇ ಎಂದು ನಾಲ್ಕು ಜನರ ನಡುವೆ ಮಣೆಯ ಮೇಲೆ ಕೂತು ಹೇಳಿಸಿಕೊಳ್ಳುವುದೂ ಒಂದು ಭಾಗ್ಯವೆಂದು ತಿಳಿದದ್ದು ನನ್ನ ಮಗಳಿಗೆ ಅವಳು ಹಾಡಿದ ದಿನ. ಊರಿನ ಹುಡುಗಿಯರಿಗೆಲ್ಲ ಅವಳು ಹಂಚಿದ್ದು ತನಗೆ ಸಿಗದೇ ಇದ್ದದ್ದನ್ನು.

ಹೋದ ಚಳಿಗಾಲದಲ್ಲಿ, ನಾನೀಗ ಇರುವ ಜಹೀರಾಬಾದಿನಿಂದ ಅವಳನ್ನು ನೋಡಲು ಹೋದೆ. ಹಾಸಿಗೆ ಹಿಡಿದಿದ್ದಳು, ದನಿ ಬಿದ್ದುಹೋಗಿತ್ತು. ಹತ್ತಿರ ಕರೆದು, ‘ಕೇಳಿ ಕೇಳಿ ಆ ಹಾಡು ನಿನಗೂ ಒಂದೀಟ ಬರ್ತದಲ್ಲ, ನನಗೊಂದ್ಸಲ ಅನ್ನವ್ವ’ ಎಂದಳು.

ತಟ್ಟೆಯಲ್ಲಿ ದೀಪ ಹಚ್ಚಿ ಹಾಡಿದೆ. ಎಂಬತ್ತರ ಹತ್ತಿರದ ಮುದುಕಿ ನಾಚಿ ತಲೆ ತಗ್ಗಿಸಿದಳು. ನನಗೆ ಅಳು ತಡೆಯಲಾಗಲಿಲ್ಲ. ‘ಕೈಯಾನ ಕಲ್ಲು ಕೊಡವ್ವ’ ಎನ್ನುವಲ್ಲಿ ಕೈ ಒಡ್ಡಿದೆ. ಅವಳು ದಿಂಬಿನ ಕೆಳಗಿಂದ ನನ್ನ ನೀಲಿ ಕಲ್ಲುಗಳನ್ನೇ ತೆಗೆದು ನನ್ನ ಅಂಗೈಗೆ ಹಾಕಿ, ಬೆರಳು ಮಡಚಿ, ಬಹಳ ಸಾಧುವಾಗಿ ಕಣ್ಣು ಮುಚ್ಚಿಕೊಂಡಳು.

ಬಸ್ಸಿನಲ್ಲಿ ತೆಗೆದು ನೋಡಿದರೆ ನಾಲ್ಕೇ ಇದ್ದವು. ಫೋನ್ ಮಾಡಿ ಕೇಳಬೇಕೆಂದುಕೊಂಡೆ. ಹೇಗೂ ಲಿಂಗದ ಆಣೆ ಹಾಕುತ್ತಾಳೆಂದು ಸುಮ್ಮನಾದೆ.

ಆ ವಾರವೇ ಹೋದಳು. ಹಾಸಿಗೆ ಝಾಡಿಸಿದರೂ ಐದನೆಯದು ಸಿಗಲಿಲ್ಲ.